ಬಸ್ಸು ಬರುವವರೆಗೆ ಚೀಲ ಇಡುವ ಬಗ್ಗೆ

ಇಂದ:
ಮಲ್ಲೇಶಪ್ಪ, ದಿನಸಿ ವ್ಯಾಪಾರಿ (ಸದ್ಯಕ್ಕೆ),
ಬಸ್‌ ನಿಲ್ದಾಣದ ಎದುರು, ನರಸಿಂಹರಾಜಪುರ.

ಗೆ:
ಶ್ರೀಮತಿ ಗಿರಿಯಮ್ಮನವರು, ಹಳೇ ಗಿರಾಕಿಗಳು,
ಕಡಹಿನಬೈಲು.

ವಿಷಯ: ತಮ್ಮ ಚೀಲವನ್ನು ಮೊದಲಿನಂತೆ ನನ್ನ ಅಂಗಡಿಯಲ್ಲಿ ಇಟ್ಟು ಹೋಗಲು ಕೋರಿ.

ಉಲ್ಲೇಖ: ಕಳೆದ ಬುಧವಾರದ ತಮ್ಮ ಮೌಖಿಕ ಪ್ರಶ್ನೆ: "ನನ್ನ ಚೀಲದಲ್ಲಿ ಎಂತ ಹುಡುಕ್ತಿದ್ದೀರಿ ಮಾರಾಯ್ರೆ?"

ಮಾನ್ಯರೇ,

ಸದರಿ ಪ್ರಶ್ನೆಗೆ ನಾನು "ಇಲಿ ಹೊಕ್ಕಂಗಿತ್ತು" ಎಂದು ಉತ್ತರಿಸಿದ್ದು ಸುಳ್ಳು. ನಿಜ ಸಂಗತಿ ಈ ಕೆಳಗಿನಂತಿರುತ್ತದೆ.

೧. ಪಕ್ಕದಲ್ಲಿ ಮಾರ್ಟ್ ತೆರೆದ ಮೇಲೆ ನನ್ನ ವ್ಯಾಪಾರ ಅರ್ಧಕ್ಕಿಳಿದಿರುತ್ತದೆ. ಜನ ಅಲ್ಲಿ ಸಾಮಾನು ಕೊಂಡು, ಬಸ್ಸು ಬರುವವರೆಗೆ ಚೀಲ ಇಡಲು ಮಾತ್ರ ನನ್ನಲ್ಲಿಗೆ ಬರುತ್ತಿದ್ದರು. ಅಂದರೆ ಎದುರಾಳಿಯ ಗೋದಾಮನ್ನು ನಾನೇ ಕಾಯುತ್ತಿದ್ದೆನು.

೨. ಬಿ.ಬಿ.ಎ. ಓದುವ ಮಗಳು ಮೇಘನ, "ಅಪ್ಪ, ಬರೀ ಬೈದ್ರೆ ಆಗಲ್ಲ. ಅವ್ರು ಎಂತ ಮಾರ್ತಾರೆ, ಎಷ್ಟಕ್ಕೆ ಮಾರ್ತಾರೆ ನೋಡ್ಬೇಕು. ಪೈಪೋಟಿ ವಿಶ್ಲೇಷಣೆ ಅಂತಾರೆ ಅದಕ್ಕೆ" ಎಂದಳು. ಮಾರ್ಟಿನೊಳಗೆ ಹೋಗಲು ಮರ್ಯಾದೆ ಅಡ್ಡ ಬಂತು. ಚೀಲಗಳು ಕಾಲಬುಡದಲ್ಲೇ ಇದ್ದವು. ಆದಕಾರಣ ಹನ್ನೊಂದು ದಿನ ಅವನ್ನೇ ವಿಶ್ಲೇಷಿಸಿದೆನು.

೩. ಅಲ್ಲಿ ಎರಡು ಸೋಪಿಗೆ ಒಂದು ಸೋಪು ಉಚಿತ, ಬಕೆಟ್ಟಿಗೆ ಮಗ್ಗು ಉಚಿತ ಎಂದು ತಿಳಿದುಬಂತು. ನನ್ನಲ್ಲಿ ಉಚಿತವಾಗಿ ಸಿಗುವುದು ಗೊಣಗಾಟ ಮಾತ್ರ. ಇದನ್ನು ನನ್ನ ಹೆಂಡತಿ ಸರ್ವಮಂಗಳಾ ಯಾರ ಚೀಲವನ್ನೂ ಬಿಚ್ಚದೆ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾಳೆ.

೪. ತಮ್ಮ ಚೀಲದಲ್ಲಿ ಸಾಮಾನಿನ ಚೀಟಿ ಸಿಕ್ಕಿತು. ಸೋಪು, ಎಣ್ಣೆ, ಗೋಧಿಹಿಟ್ಟಿಗೆ ಗೀಟು ಹೊಡೆದಿತ್ತು. ಬೆಲ್ಲ, ಕಾಫಿಪುಡಿ, ಒಣಮೆಣಸಿನಕಾಯಿಯ ಮುಂದೆ "ಮಲ್ಲೇಶಪ್ಪನ ಹತ್ರ" ಎಂದು ಬರೆದಿತ್ತು. ಆ ಮೂರೂ ಮಾರ್ಟಿನಲ್ಲಿ ಅಗ್ಗ ಎಂಬುದು ನನ್ನ ವಿಶ್ಲೇಷಣೆಯಿಂದಲೇ ನನಗೆ ಗೊತ್ತಿತ್ತು. ಅಷ್ಟರಲ್ಲಿ ತಾವು ಬಂದಿರಿ. ಅಂದು ಬೆಲ್ಲ ಕೊಳ್ಳದೆ ಬಸ್ಸು ಹತ್ತಿದಿರಿ.

೫. ಅಂದಿನಿಂದ ಯಾರೂ ಇಲ್ಲಿ ಚೀಲ ಇಡುತ್ತಿಲ್ಲ. ಮಾರ್ಟಿನವರು ಬಾಗಿಲಲ್ಲೇ ಅದಕ್ಕೊಂದು ಕಟ್ಟೆ ಮಾಡಿಸಿರುತ್ತಾರೆ. ಅವರಲ್ಲಿ ಇಲ್ಲದೆ ನನ್ನಲ್ಲಿ ಇದ್ದದ್ದು ಜನರ ನಂಬಿಕೆ ಒಂದೇ. ಅದನ್ನು ಅವರು ಕಿತ್ತುಕೊಳ್ಳಲಿಲ್ಲ, ನಾನೇ ಕೈಯಾರೆ ಕಳೆದುಕೊಂಡೆನು. ಮಾಡಿದ್ದುಣ್ಣೋ ಮಹಾರಾಯ ಎಂಬಂತಾಗಿದೆ. ತುಂಬಾ ನಾಚಿಕೆಯಾಗುತ್ತಿದೆ, ಗಿರಿಯಮ್ಮನವರೇ.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಶೀಲಿಸಿ, ಮುಂದಿನ ಬುಧವಾರ ತಮ್ಮ ಚೀಲವನ್ನು ನನ್ನ ಅಂಗಡಿಯಲ್ಲಿ ಇಡಬೇಕಾಗಿ ಪ್ರಾರ್ಥನೆ. ಬಾಯಿ ಬಿಗಿದು ಕಟ್ಟಿ ಇಟ್ಟರೂ ಆಕ್ಷೇಪಣೆ ಇರುವುದಿಲ್ಲ.

ತಮ್ಮ ವಿಶ್ವಾಸವನ್ನು ವಾಪಸು ಕೋರುವ,
ಮಲ್ಲೇಶಪ್ಪ

ಲಗತ್ತುಗಳು:
೧. ತಮ್ಮ ಚೀಟಿ. ಗಾಬರಿಯಲ್ಲಿ ನನ್ನ ಜೇಬಿಗೆ ಸೇರಿತ್ತು.
೨. ಹನ್ನೊಂದು ದಿನದ ವಿಶ್ಲೇಷಣೆ. ಸರ್ವಮಂಗಳಾ ಒಲೆಗೆ ಹಾಕಿದ್ದರಿಂದ ಲಗತ್ತಿಸಿರುವುದಿಲ್ಲ.

ವಿ.ಸೂ.: ಬೆಲ್ಲವನ್ನೂ ಮಾರ್ಟಿನಲ್ಲೇ ಕೊಂಡರೆ ಅಡ್ಡಿಯಿಲ್ಲ. ಚೀಲ ಮಾತ್ರ ಇಲ್ಲೇ ಇಡತಕ್ಕದ್ದು.