ಆ ಸೊಸೆ ಎಲ್ಲಿ ಕೂತಳು?

ನಮ್ಮ ಅತ್ತೆಗೆ ಮನೆಯ ಸೊಸೆಯ ಮೇಲೆ ಯಾವ ತಕರಾರೂ ಇಲ್ಲ; ಅವರ ಜಗಳವೇನಿದ್ದರೂ ಕಾದಂಬರಿಯ ಸೊಸೆಯ ಜೊತೆ! ಹಾಗಿದ್ದ ಮೇಲೆ ನಾನು ನೆಮ್ಮದಿಯಾಗಿರಬೇಕಿತ್ತಲ್ಲವೇ? ಎಲ್ಲಿಯ ನೆಮ್ಮದಿ, ಆ ಕಾದಂಬರಿ ಮುಗಿಯುವ ವಾರವಿಡೀ ನಾನು ಅವರ ಬಾಯನ್ನೇ ಕಾಯುತ್ತಿದ್ದೆ.

ಅತ್ತೆ ಧಾರವಾಡದವರು. ಮಾವನವರ ಕೊಯಾಲಿ ತೈಲ ಕಾರ್ಖಾನೆಯ ನೌಕರಿಗಾಗಿ ಬಂದವರು ನಿವೃತ್ತಿಯ ನಂತರವೂ ವಡೋದರಾ ಬಿಡಲಿಲ್ಲ. ಇಲ್ಲಿಯ ಕನ್ನಡದ ಹೆಂಗಸರು ಶನಿವಾರ ಮಧ್ಯಾಹ್ನ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕ ಓದುತ್ತಾರೆ. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು, ಆ ಮನೆಯ ಸೊಸೆ ಚಹಾ ಕೊಟ್ಟು ಬಾಗಿಲ ಬಳಿ ನಿಂತಿರಬೇಕು. ಕೊನೆಯದನ್ನು ಯಾರೂ ನಿಯಮವೆಂದು ಹೇಳಿಲ್ಲ. ಆದರೆ ತಪ್ಪದೆ ನಡೆಯುವುದು ಅದೊಂದೇ.

ಈ ಸಲ ಕೈಗೆತ್ತಿಕೊಂಡದ್ದು ಹೆಸರಾಂತ ಹಳೆಯ ಕಾದಂಬರಿ. ದೊಡ್ಡ ಮನೆ, ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡ ಯಜಮಾನಿ, ಹಗಲಿಡೀ ದುಡಿಯುವ ಸೊಸೆ. ಮೊದಲ ವಾರವೇ ಅತ್ತೆ ಓದುವವರನ್ನು ನಡುವೆ ತಡೆದರು.

“ಈ ಹುಡುಗಿ ಎದ್ದಾಳ, ನೀರು ತಂದಾಳ, ಬಡಿಸ್ಯಾಳ. ಎಲ್ಲೆ ಕುಂತಾಳ, ತೋರಸ್ರಿ.”

ಎಲ್ಲರೂ ಪುಸ್ತಕದ ಸುತ್ತ ಬಾಗಿ ಪುಟ ತಿರುವಿದರು. ಕಥಾನಾಯಕ ಜಗಲಿಯ ಮೇಲೆ ಕೂರುತ್ತಾನೆ, ಬಾವಿಕಟ್ಟೆಯ ಮೇಲೆ ಕೂರುತ್ತಾನೆ, ಕೂತು ನಿಟ್ಟುಸಿರು ಬಿಡುತ್ತಾನೆ. ಅವಳು ಮಾತ್ರ ಎಲ್ಲೂ ಕೂತಿಲ್ಲ! ಮುಂದೊಂದು ವಾರ ಅವಳು ಕಂಬಕ್ಕೆ ಒರಗಿ ಅತ್ತಾಗ, ಒರಗಿದರೆ ಕೂತ ಹಾಗೆಯೇ ಎಂದು ಪಕ್ಕದ ಮನೆಯವರು ರಾಜಿಗೆ ಬಂದರು. ಅತ್ತೆ ಒಪ್ಪಲಿಲ್ಲ. ಆ ಶನಿವಾರ ಕಾದಂಬರಿ ಆ ಕಂಬ ದಾಟಲೇ ಇಲ್ಲ.

ಜಗಳ ಬಿಡಿಸಲೆಂದು ಊರಿನ ಅಲ್ಕಾಪುರಿ ಬಡಾವಣೆಯಿಂದ ಒಬ್ಬ ನಿವೃತ್ತ ಪ್ರೊಫೆಸರರನ್ನು ಕರೆಸಿದರು. ಅವರು ಯಜಮಾನಿಯ ಕೀಲಿಗೊಂಚಲನ್ನು ಬಾಯಿತುಂಬ ಹೊಗಳಿ, ಹೆಣ್ಣಿನ ಅಧಿಕಾರವೆಂದರೆ ಇದೇ, ಇಡೀ ಮನೆಯನ್ನೇ ಆಳಿದವಳು ಅವಳು ಎಂದರು. ಅತ್ತೆ ಚಕ್ಕುಲಿಯ ತಟ್ಟೆಯನ್ನು ಅವರ ಮುಂದೆ ಸರಿಸಿದರು.

“ಕೀಲಿ ಅಕೀ ಟೊಂಕದಾಗಿತ್ತು, ಖರೆ. ಉಗ್ರಾಣದ ಬಾಗಲಾ ಬಿಟ್ರ ಬ್ಯಾರೆ ಯಾವ ಬಾಗಲಾ ತಗೀತಿತ್ರಿ ಅದು?”

ಪ್ರೊಫೆಸರರು ಒಂದೇ ಚಕ್ಕುಲಿಯನ್ನು ಬಹಳ ಹೊತ್ತು ಅಗಿದರು.

ಇಂಥ ಬಾಯಿ ನನ್ನ ವಿಷಯಕ್ಕೆ ಬಂದಾಗ ಮುಚ್ಚಿಕೊಂಡಿತು ನೋಡಿ! ಬ್ಯಾಂಕಿನಲ್ಲಿ ನನಗೆ ಬಡ್ತಿ ಬಂದಿತ್ತು. ಸೂರತ್ ಶಾಖೆಗೆ ಮ್ಯಾನೇಜರ್. ಒಪ್ಪಿಗೆಯೋ ಇಲ್ಲವೋ, ಸೋಮವಾರದೊಳಗೆ ಹೇಳಬೇಕು. ಅವ್ವ ಏನಂತಾಳೋ ನೋಡೋಣ ಎಂದು ಗಂಡ ನುಣುಚಿಕೊಂಡರು. ಮಾವನವರು ಪೇಪರಿನ ಹಿಂದೆ ಅಡಗಿದರು. ಅತ್ತೆ ನಡುಮನೆಯ ತೂಗುಮಂಚದ ಮೇಲೆ ಕೂತು, ನನ್ನನ್ನೇ ನೋಡುತ್ತಾ ತೂಗಿಕೊಂಡರು. ಇಲ್ಲಿ ಮನೆಮನೆಗೂ ಇರುವ ಮಂಚವೇ ಅದು, ಆದರೆ ನಮ್ಮಲ್ಲಿ ಅದು ಅವರ ಸಿಂಹಾಸನ. ಅದರ ಸರಪಳಿ ಕಿರ್ರೆಂದಾಗಲೆಲ್ಲ, ಈಗ ಹೇಳುತ್ತಾರೆ ಎಂದು ನಾನು ಕೈಯ ಕೆಲಸ ಬಿಟ್ಟು ತಿರುಗುತ್ತಿದ್ದೆ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಆಡದ ಮಾತಿನ ಜೊತೆ ಜಗಳವಾಡುವುದು ಹೇಗೆ? ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಆ ಶನಿವಾರದ ಸರದಿ ನಮ್ಮ ಮನೆಯದು. ಕೊನೆಯ ಅಧ್ಯಾಯ. ಓದುವವರು ಅತ್ತೆ.

ಕಾದಂಬರಿಯ ಸೊಸೆಯನ್ನು ಕರೆದೊಯ್ಯಲು ಅವಳ ಅಣ್ಣ ಬಂದಿದ್ದ. ಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಅವಳಿಗೆ ಕರೆ ಬಂದಿತ್ತು. ಅವಳು ಯಜಮಾನಿಯ ಮುಖ ನೋಡಿದಳು. ಯಜಮಾನಿ ಮಾತಾಡದೆ ಮೊರದಲ್ಲಿ ಅಕ್ಕಿ ಆರಿಸುತ್ತಲೇ ಇದ್ದಳು. ನಾನು ಬರುವುದಿಲ್ಲ ಎಂದು ಅಣ್ಣನಿಗೆ ಹೇಳಿ ಸೊಸೆ ಒಳಗೆ ಹೋದಳು. ಕಥೆ ಮುಗಿಯಿತು.

ಹೆಂಗಸರು ಕಣ್ಣೊರೆಸಿಕೊಂಡರು. ಎಂಥ ತ್ಯಾಗ ಎಂದು ಯಾರೋ ಅಂದರು. ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಪುಸ್ತಕ ಮುಚ್ಚಿದರು. “ತ್ಯಾಗ ಅಲ್ಲ ಅದು. ಆ ಮುದುಕಿ ಬಾಯಿ ಬಿಡಲಿಲ್ಲ, ಅದಕ್ಕ ಇಕಿ ಉಳದ್ಲು.” ಆಮೇಲೆ ತಮಗೇ ಹೇಳಿಕೊಳ್ಳುವಂತೆ ಅಂದರು. “ಆ ಮುದುಕಿ ಬಾಯಾಗ ಕತಿ ಬರದಾಂವ ಮಾತು ಇಡಲಿಲ್ಲ. ನನಗ ಮಾತಾಡಬ್ಯಾಡಂತ ಯಾರು ಅಂದಿದ್ರು?”

ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಅವರು ಎದ್ದು ಬಂದು ನನ್ನ ಕೈಯಿಂದ ಟ್ರೇ ತೆಗೆದುಕೊಂಡರು.

“ಹೋಗಿ ಕುಂಡ್ರು. ಸೂರತ್‌ನಾಗ ದೊಡ್ಡ ಕುರ್ಚಿ ಮ್ಯಾಲೆ ಕುಂಡ್ರಬೇಕಲ್ಲ, ರೂಢಿ ಆಗ್ಲಿ.”

ಕೂರಲು ಖಾಲಿಯಿದ್ದದ್ದು ತೂಗುಮಂಚವೊಂದೇ. ಅಷ್ಟು ಜನರ ಎದುರು ಅದರ ಮೇಲೆ ಕೂತೆ. ಕಣ್ಣು ತುಂಬಿ ಯಾರ ಮುಖವೂ ಕಾಣಲಿಲ್ಲ. ಅತ್ತೆ ಎಲ್ಲರಿಗೂ ಚಹಾ ಕೊಟ್ಟು, ನನಗೂ ಕೊಟ್ಟು, ಹೋಗಿ ಬಾಗಿಲ ಬಳಿ ನಿಂತರು, ನಮ್ಮ ಸರದಿ ಬಂದಾಗಲೆಲ್ಲ ನಾನು ನಿಲ್ಲುವ ಜಾಗದಲ್ಲಿ, ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತ.

ನಾನು ಒಂದು ಬದಿಗೆ ಸರಿದೆ. “ಅತ್ತಿ, ಬರ್ರಿ” ಎಂದೆ.

ಅವರು ಬಂದು ಪಕ್ಕದಲ್ಲಿ ಕೂತರು. ಸರಪಳಿ ಕಿರ್ರೆಂದಿತು. ಸೋಮವಾರದ ಚಿಂತೆಯಲ್ಲಿ ನಾನು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದೆ. ಅವತ್ತು ಯಾರೂ ತಕರಾರು ತೆಗೆಯಲಿಲ್ಲ, ಅತ್ತೆ ಕೂಡ.