ಮಾಮಾನ ಕಾರಿಗೆ ಸರಿಯಾದ ಪೆಟ್ರೋಲ್

ಓದಿದವರಿಗೆ ಒಂದು ರೋಗವಿರುತ್ತದೆ. ಎದುರಿಗೆ ಎರಡು ಕೆಲಸ ಇದ್ದು, ಒಂದರಲ್ಲಿ ಕೈ ಕೊಳಕಾಗುವಂತಿದ್ದರೆ, ಇನ್ನೊಂದರಲ್ಲಿ ಬರೀ ಯೋಚನೆ ಮಾಡಿದರೆ ಸಾಕಾಗುವಂತಿದ್ದರೆ, ಅವರು ಕಣ್ಣು ಮುಚ್ಚಿ ಎರಡನೆಯದನ್ನೇ ಹಿಡಿಯುತ್ತಾರೆ. ನಲ್ಲಿ ಸೋರುತ್ತಿದ್ದರೆ ವಾಷರ್ ಬದಲಿಸುವುದಿಲ್ಲ. ನೀರಿನ ಒತ್ತಡದ ಬಗ್ಗೆ ಹೆಂಡತಿಗೆ ತಿಳಿಸಿ ಹೇಳುತ್ತಾರೆ. ನಾನು ಬೀದರಿನಿಂದ ಓಡಾಡಿಕೊಂಡು ಭಾಲ್ಕಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ಈ ರೋಗ ನನ್ನಲ್ಲಿ ಎಷ್ಟು ಬಲಿತಿತ್ತೆಂದರೆ ಈ ವರ್ಷ ಶಿವರಾತ್ರಿಗೆ ಸ್ವಲ್ಪ ಮುಂಚೆ ಅದರಿಂದಾಗಿ ಒಂದು ಕಾರಿನ ಹಿಂಭಾಗ ಹೊತ್ತಿ ಉರಿಯಿತು. ಕಾರಿನೊಳಗೆ ನನ್ನ ಮಾಮಾ, ಅಂದರೆ ತಾಯಿಯ ತಮ್ಮ, ಕೂತಿದ್ದರು. ಗಾಬರಿಯಾಗಬೇಡಿ, ಮಾಮಾ ಆರಾಮ ಇದ್ದಾರೆ. ಆರಾಮ ಇಲ್ಲದವನು ನಾನು. ಅಡುಗೆ ಮನೆಯಲ್ಲಿ ಗ್ಯಾಸ್ ಹಚ್ಚುವ ಲೈಟರಿನ ಟಕ್ ಸದ್ದಿಗೆ ಈಗಲೂ ಕುರ್ಚಿ ಬಿಟ್ಟು ಏಳುತ್ತೇನೆ. ಮೊದಮೊದಲು ಹೆಂಡತಿ ಇದನ್ನು ಚಹಾ ತರಲು ನಾನೇ ಏಳುವ ಸೌಜನ್ಯ ಎಂದು ತಿಳಿದಿದ್ದಳು.

ಕಾರಿನ ವಿಷಯ ಮೊದಲು ಹೇಳಬೇಕು. ಅದು ಗುಂಡು ಬೆನ್ನಿನ, ಬೋರಲು ಹಾಕಿದ ಬೋಗುಣಿಯಂಥ ಹಳೆಯ ವಿದೇಶಿ ಕಾರು. ಇಂಜಿನ್ ಹಿಂದೆ, ಸಾಮಾನು ಇಡುವ ಜಾಗ ಮುಂದೆ. ಅದಕ್ಕೆ ರೇಡಿಯೇಟರ್ ಇಲ್ಲ, ನೀರು ಬೇಡ. ಗಾಳಿಯಿಂದಲೇ ಇಂಜಿನ್ ತಂಪಾಗುತ್ತದೆ. ಮಾಮಾ ಔರಾದಿನಲ್ಲಿ ದನದ ಡಾಕ್ಟರಾಗಿದ್ದಾಗ ಅದನ್ನು ಹೈದರಾಬಾದಿನ ಯಾರೋ ನಿವೃತ್ತ ಅಧಿಕಾರಿಯಿಂದ ಕೊಂಡಿದ್ದರು. ಜನ ಅವರಿಗೆ ಹುಚ್ಚು ಎಂದರು. ಮಾಮಾನ ಲೆಕ್ಕ ಬೇರೆ ಇತ್ತು. ಬೇಸಿಗೆಯಲ್ಲಿ ಎಕಂಬಾ ಹಳ್ಳಿಯಲ್ಲಿ ಒಂದು ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದ್ದರೆ, ದಾರಿಯಲ್ಲಿ ಬಾವಿ ಹುಡುಕಿ ರೇಡಿಯೇಟರಿಗೆ ನೀರು ಹುಯ್ಯುತ್ತ ಕೂರುವ ಜೀಪಿಗಿಂತ ನೀರನ್ನೇ ಕೇಳದ ಈ ಗಾಡಿ ಮೇಲು ಎನ್ನುತ್ತಿದ್ದರು.

ಚಿಕ್ಕವನಿದ್ದಾಗ ಶಾಲೆಯ ಸೂಟಿಯಲ್ಲಿ ನಾನು ಔರಾದಿಗೆ ಹೋಗುತ್ತಿದ್ದೆ. ಆ ಊರಿಗೆ ರೈಲಿಲ್ಲ. ಸಂಜೆ ಬರುವ ಬಸ್ಸಿನ ಸದ್ದು, ಮಾಮಾನ ಕಾರಿನ ಸದ್ದು, ಇವೆರಡರಿಂದಲೇ ಹೊರಗೊಂದು ಲೋಕವಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಊರಿನ ಹತ್ತಿರದ ಏರು ಹತ್ತುವಾಗ ಆ ಇಂಜಿನ್ನಿನ ದನಿ ಬದಲಾಗುತ್ತಿತ್ತು. ಅಲ್ಲಿಯವರೆಗೆ ಹರಟೆ ಹೊಡೆಯುತ್ತಿದ್ದ ಮನುಷ್ಯ ಒಮ್ಮೆಲೇ ಗಂಟಲು ಸರಿಪಡಿಸಿಕೊಂಡು ಹಾಡಲು ಶುರು ಮಾಡಿದ ಹಾಗೆ. ಮಾಮಾ ಬಂದು ನನ್ನನ್ನು ಎತ್ತಿಕೊಂಡರೆ ಅವರ ಅಂಗಿಯಲ್ಲಿ ಡೆಟಾಲು, ಸಗಣಿ ಮತ್ತು ಪೆಟ್ರೋಲ್ ಮೂರೂ ಸೇರಿದ ವಾಸನೆ. ನಗಬೇಡಿ, ಅದಕ್ಕಿಂತ ಒಳ್ಳೆಯ ಅತ್ತರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಬೀದರಿನ ಅತ್ತರಿನ ಅಂಗಡಿಯವರು ಮೂಗಿಗೆ ಹಿಡಿದದ್ದನ್ನೆಲ್ಲ ಮೂಸಿ ನೋಡಿದ್ದೇನೆ.

ಈಗ ಮಾಮಾ ಬೀದರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಮ್ಮಕ್ಕಳ ಗದ್ದಲದ ನಡುವೆ ಮನೆಯ ಯಜಮಾನಿಕೆ ಇನ್ನೂ ಬಿಟ್ಟುಕೊಟ್ಟಿಲ್ಲ. ಕಣ್ಣು ಮಾತ್ರ ಹೋಗಿವೆ. ಬೆಳಕು ಯಾವ ಕಡೆಯಿದೆ ಎಂದಷ್ಟೇ ಕಾಣುತ್ತದಂತೆ. ಕಣ್ಣು ಮಂಜಾದ ವರ್ಷ ಕಾರಿನ ಕೀಲಿ ನನ್ನ ಕೈಗಿತ್ತು ಒಂದೇ ಮಾತು ಹೇಳಿದ್ದರು. ಒಂದು ಸಲ ನನ್ನ ಔರಾದಿಗೆ ಇದರಾಗೇ ಕರ್ಕೊಂಡು ಹೋಗು, ಆ ಏರಿನಾಗ ಇದರ ದನಿ ಕೇಳಬೇಕು, ನೋಡೂದೇನೂ ಬಾಕಿ ಇಲ್ಲ ಅಂತ.

ಇಷ್ಟೇ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಹೋಗಿ ಬರುತ್ತಿದ್ದರು. ನಾನು ಓದಿದವನು. ಈ ಮುದಿ ಇಂಜಿನ್ನಿಗೆ ಇವತ್ತಿನ ಪೆಟ್ರೋಲ್ ಸರಿಹೊಂದುತ್ತದೆಯೇ ಎಂಬ ಪ್ರಶ್ನೆ ಎತ್ತಿಕೊಂಡೆ. ಈಗಿನ ಪೆಟ್ರೋಲಿಗೆ ಎಥನಾಲ್, ಅಂದರೆ ಕಬ್ಬಿನಿಂದ ತೆಗೆದ ಸ್ಪಿರಿಟ್, ಬೆರೆಸಿರುತ್ತಾರೆ. ಅದು ಹಳೆಯ ಗಾಡಿಗಳ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವ ಹೀರುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್ನುಗಳು ಮೊದಲೇ ಬಿಸಿ ಸ್ವಭಾವದವು. ಇದನ್ನೆಲ್ಲ ಓದಿ, ಗೆರೆ ಹಾಕಿ, ನನ್ನ ಹೆಂಡತಿಯ ಅಣ್ಣನ ಮುಂದೆ ಒಂದು ಭಾಷಣ ಮಾಡಿದೆ. ಅವರು ಮೆಹಕರದವರು, ಕಬ್ಬು ಬೆಳೆಯುವವರು. ಹಳೇ ಪೆಟ್ರೋಲೇ ಚೆನ್ನಾಗಿತ್ತು ಎಂದದ್ದಕ್ಕೆ ಅವರ ಮುಖ ಸಣ್ಣದಾಯಿತು. ನಮ್ಮ ಹೊಲದ ಕಬ್ಬು ನಿಮ್ಮ ಕಾರಿಗೆ ಪಚನ ಆಗೂದಿಲ್ಲೇನ್ರಿ ಭಾವಜಿ ಎಂದರು, ಮಗಳನ್ನು ಒಲ್ಲೆ ಎಂದ ಬೀಗರೊಡನೆ ಮಾತಾಡುವ ದನಿಯಲ್ಲಿ. ಆ ವರ್ಷ ನಮ್ಮ ಮನೆಗೆ ಬೆಲ್ಲ ಬರಲಿಲ್ಲ.

ನನ್ನ ಮೆಕ್ಯಾನಿಕ್ ರಶೀದ್ ಭಾಯಿ. ಅವರ ತಂದೆಯ ಕಾಲದಿಂದಲೂ ಈ ಕಾರನ್ನು ರಿಪೇರಿ ಮಾಡಿಕೊಂಡು ಬಂದವರು. ಅವರಿಗೂ ಭಾಷಣ ಮಾಡಿದೆ. ಅವರು ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿ, "ಪೆಟ್ರೋಲ್ ಛೋಡೋ ಸರ್. ಯಾವ ಬಂಕಿಂದರೆ ಹಾಕ್ರಿ. ಮೊದ್ಲ ಪೈಪ್ ಬದಲಸ್ರಿ," ಎಂದರು. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಗೇಣುದ್ದದ ರಬ್ಬರ್ ಪೈಪು. ಹೊಸ ಜಾತಿಯ ಪೈಪು ಬಂದಿದೆ, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ಒಂದು ತಾಸಿನ ಕೆಲಸ. ಆಯಿತು ಎಂದೆ. ಆಮೇಲೆ ಎರಡು ಸಲ ಸಿಕ್ಕಾಗಲೂ ಅವರು ಪೈಪು ಎಂದರು, ನಾನು ಆಕ್ಟೇನ್ ಎಂದೆ. ನಿಜ ಹೇಳಬೇಕೆಂದರೆ, ಇಷ್ಟು ದೊಡ್ಡ ಸಮಸ್ಯೆಗೆ ಇಷ್ಟು ಸಣ್ಣ ಪರಿಹಾರ ನನಗೆ ಅವಮಾನದಂತೆ ಕಂಡಿತು. ಅದರಲ್ಲಿ ರಸಾಯನಶಾಸ್ತ್ರವೇ ಇರಲಿಲ್ಲ.

ರಸಾಯನಶಾಸ್ತ್ರ ಬೇಕಲ್ಲ ಎಂದು ಮಾಳಿಗೆಯ ಮೇಲೆ ಪೆಟ್ರೋಲ್ ತೊಳೆಯಲು ಶುರು ಮಾಡಿದೆ. ಪೆಟ್ರೋಲಿಗೆ ನೀರು ಸೇರಿಸಿ ಅಲ್ಲಾಡಿಸಿದರೆ ಸ್ಪಿರಿಟ್ ನೀರಿನ ಜೊತೆ ಕೆಳಗಿಳಿಯುತ್ತದೆ, ಶುದ್ಧ ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಉಪ್ಪಿನಕಾಯಿಯ ದೊಡ್ಡ ಗಾಜಿನ ಬರಣಿಯಲ್ಲಿ ಈ ಪ್ರಯೋಗ ನಡೆಯಿತು. ಹೆಂಡತಿ ಒಣಹಾಕಿದ ಬಟ್ಟೆ ತೆಗೆಯಲು ಬಂದವಳು ಬಾಗಿಲಲ್ಲೇ ನಿಂತಳು. "ಹುಟ್ಟಿದಾಗಿಂದ ಒಂದು ಕರ್ಚೀಪ್ ತೊಳ್ದವ್ರಲ್ಲ. ಈಗ ಪೆಟ್ರೋಲ್ ತೊಳೀಲಿಕತ್ತೀರಿ," ಎಂದಳು. ತೊಳೆದ ಪೆಟ್ರೋಲಿನಲ್ಲಿ ಕಾರು ಓಡಿತು, ಆದರೆ ಕಲ್ಲು ತುಂಬಿದ ಡಬ್ಬಿಯಂತೆ ಕಟಕಟ ಎನ್ನುತ್ತ ಓಡಿತು. ಸ್ಪಿರಿಟ್ಟಿನ ಜೊತೆ ಪೆಟ್ರೋಲಿನ ಆಕ್ಟೇನನ್ನೂ, ಅಂದರೆ ಒತ್ತಡ ತಾಳುವ ಶಕ್ತಿಯನ್ನೂ, ನಾನು ಮೋರಿಗೆ ಚೆಲ್ಲಿದ್ದೆ. ಇದೂ ಪುಸ್ತಕದಲ್ಲಿ ಇತ್ತು, ಮುಂದಿನ ಪುಟದಲ್ಲಿ.

ಕೊನೆಗೆ ಯಾರೋ ಹೇಳಿದರು, ಭಾಲ್ಕಿಯ ಆಚೆಗೊಂದು ಬಂಕಿದೆ, ಅಲ್ಲಿ ದುಬಾರಿ ಜಾತಿಯ ಪೆಟ್ರೋಲ್ ಸಿಗುತ್ತದೆ, ಅದರಲ್ಲಿ ಸ್ಪಿರಿಟ್ ಇರುವುದೇ ಇಲ್ಲ ಅಂತ. ನಾನು ನಂಬಿದೆ. ಔರಾದಿಗೆ ಬೀದರಿನಿಂದ ನೇರ ರಸ್ತೆಯಿದೆ. ಅದನ್ನು ಬಿಟ್ಟು, ಕಣ್ಣಿಲ್ಲದ ಮಾಮಾನನ್ನು ಮುಂದೆ ಕೂರಿಸಿಕೊಂಡು, ಬರೀ ಪೆಟ್ರೋಲಿಗಾಗಿ ಭಾಲ್ಕಿ ಸುತ್ತಿ ಹೊರಟೆ. ಮಾಮಾ ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮಗಳ ಕೈಲಿ ಎರಡು ಸಲ ತಲೆ ಬಾಚಿಸಿಕೊಂಡಿದ್ದರಂತೆ. ನಾನು ಬಂಕಿನಲ್ಲಿ ಟ್ಯಾಂಕು ತುಂಬಿಸಿದೆ. ಮಾಮಾ ಮೂಗು ಎತ್ತಿ ಗಾಳಿ ಹಿಡಿದು, ಇದಕ್ಕ ಹಳೇ ವಾಸನಿ ಇಲ್ಲಲ್ಲೋ ಪ್ರಕಾಶ ಎಂದು ಸ್ವಲ್ಪ ನಿರಾಸೆಪಟ್ಟರು.

ಅಲ್ಲಿಂದ ಹಿಂದಿರುಗಿ ಔರಾದಿನ ಕಡೆಗೆ ತಿರುಗಬೇಕೆನ್ನುವಾಗ ರೈಲ್ವೆ ಗೇಟು ಬಿತ್ತು. ಮಧ್ಯಾಹ್ನದ ಬಿಸಿಲು. ಹಿಂದೆ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಬಿಸಿಯಾದ ಇಂಜಿನ್ ಆರಿಸಿದರೆ ಮತ್ತೆ ಹತ್ತುವುದು ಕಷ್ಟವೆಂದು ಚಾಲೂ ಇಟ್ಟೆ. ಗಾಳಿಯಿಂದ ತಂಪಾಗುವ ಇಂಜಿನ್ನು ಗಾಳಿಯಿಲ್ಲದ ಕಡೆ ನಿಂತಿತು. ರೈಲು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಮಾನ ಮುಖ ಅರಳಿತು. "ಈಗ ಬಂತು ನೋಡು ಹಳೇ ವಾಸನಿ. ಔರಾದಿನಾಗ ಹಿಂಗೇ ಬರ್ತಿತ್ತು. ಸರಿಯಾದ ಪೆಟ್ರೋಲ್ ಸಿಕ್ತು ನಿಂಗ," ಎಂದರು. ನನಗೂ ಬಂತು ಆ ವಾಸನೆ. ಎದೆ ತುಂಬಿತು. ಸ್ಪಿರಿಟ್ ಇಲ್ಲದ ಪೆಟ್ರೋಲಿಗೆ ಈ ಘಮ ಏಕೆ ಬರುತ್ತದೆ ಎಂದು ಮಾಮಾನಿಗೆ ಸಾವಕಾಶವಾಗಿ ವಿವರಿಸಿದೆ. ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತ ಕೂತರು. ಅಷ್ಟು ಸುಖವಾಗಿ ಅವರು ಕೂತದ್ದನ್ನು ಕಣ್ಣು ಹೋದ ಮೇಲೆ ನಾನು ನೋಡಿರಲಿಲ್ಲ. ಈಗ ರಾತ್ರಿ ಮಲಗಿದರೆ ಬೆಂಕಿಗಿಂತ ಮೊದಲು ಬರುವುದು ಆ ಮುಖ.

ಗೇಟಿನ ಬಳಿ ಬಂಡಿಯಲ್ಲಿ ಶೇಂಗಾ ಹುರಿಯುತ್ತಿದ್ದ ಹೆಂಗಸು ನನ್ನ ಕಿಟಕಿಗೆ ಬಂದು, "ಸಾಹೇಬ್ರ, ನಿಮ್ಮ ಗಾಡಿ ಹಿಂದಿನಿಂದ ಉಚ್ಚಿ ಹೊಯ್ಲಿಕತ್ತದ ನೋಡ್ರಿ," ಎಂದಳು. ನಾನು ಏನು ಹೇಳಿದೆ ಗೊತ್ತೆ? ರೇಡಿಯೇಟರ್ ನೀರು ಇರಬೇಕವ್ವಾ ಎಂದೆ. ನೀರೇ ಇಲ್ಲದ ಕಾರು ಎಂದು ಮೂರು ತಿಂಗಳಿಂದ ಊರಿಗೆಲ್ಲ ಸಾರಿದವನು. ಆಕೆ ನನ್ನನ್ನೊಮ್ಮೆ, ನೆಲವನ್ನೊಮ್ಮೆ ನೋಡಿ, ನೀರಿಗೆ ಇಂಥಾ ವಾಸನಿ ಬರ್ತದೇನ್ರಿ ಎಂದಳು. ಇಳಿದು ಹಿಂದೆ ಹೋಗಿ ಇಂಜಿನ್ನಿನ ಮುಚ್ಚಳ ಎತ್ತಿದೆ. ಪೈಪು ಬಿರುಕು ಬಿಟ್ಟು ಪೆಟ್ರೋಲ್ ಹನಿ ಹನಿಯಾಗಿ ಕೆಂಡದಂಥ ಇಂಜಿನ್ನಿನ ಮೇಲೆ ಸುರಿಯುತ್ತಿತ್ತು. ಭಗ್ ಎಂದು ಒಂದು ಮೆತ್ತನೆಯ ಸದ್ದು, ಯಾರೋ ದಿಂಬು ಕೊಡವಿದ ಹಾಗೆ.

ಆಮೇಲಿನದು ನನಗೆ ಬೇರೆಯವರು ಹೇಳಿದ್ದೇ ಹೆಚ್ಚು. ಟ್ರ್ಯಾಕ್ಟರಿನ ಡ್ರೈವರುಗಳು ಕೂಗಿಕೊಂಡು ಇಳಿದರು. ಶೇಂಗಾದ ಹೆಂಗಸು ಅಷ್ಟು ಹೊತ್ತಿಗೆ ಬಾಣಲಿ ಎತ್ತಿ ತಂದು, ಹುರಿಯುತ್ತಿದ್ದ ಮರಳನ್ನು ಶೇಂಗಾ ಸಮೇತ ಬೆಂಕಿಯ ಮೇಲೆ ಸುರಿದಳು. ಇಬ್ಬರು ಸಲಿಕೆಯಿಂದ ರಸ್ತೆಬದಿಯ ಕೆಂಪು ಮಣ್ಣು ಎಳೆದು ಹಾಕಿದರು. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದ ನಾನು ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಹಾಕಲೂ ಇಲ್ಲ, ಬಿಸಾಡಲೂ ಇಲ್ಲ. ಮಾಮಾ ಕೂತ ಕಡೆಯ ಬಾಗಿಲಿನ ಒಳಹಿಡಿ ಮುರಿದು ವರ್ಷಗಳಾಗಿವೆ, ಅದು ಹೊರಗಿನಿಂದ ಮಾತ್ರ ತೆರೆಯುತ್ತದೆ. ಆ ಗುಂಪಿನಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ಬಾಗಿಲು ತೆರೆದು ಮಾಮಾನನ್ನು ಎತ್ತಿ ಬೇವಿನ ಗಿಡದ ಕೆಳಗೆ ಕೂರಿಸಿದವನು ಹೆಸರೂ ಗೊತ್ತಿಲ್ಲದ ಒಬ್ಬ ಡ್ರೈವರ್. ನಾನು ಹತ್ತಿರ ಹೋದಾಗ ಮಾಮಾ ನನ್ನ ಮುಂಗೈ ಹಿಡಿದರು. ಬೀದರಿನ ಮನೆ ಮುಟ್ಟುವವರೆಗೆ ಬಿಡಲಿಲ್ಲ. ಹೆದರಿದ್ದಾರೆ, ಪಾಪ, ಎಂದುಕೊಂಡೆ.

ರಶೀದ್ ಭಾಯಿ ಪೈಪಿನ ತುಂಡನ್ನು ನನ್ನ ಅಂಗೈಗಿಟ್ಟರು. ಬೆರಳಿಂದ ಒತ್ತಿದರೆ ಅತಿಯಾಗಿ ಹಣ್ಣಾದ ಅಂಜೂರದಂತೆ ಬಿರಿಯಿತು. "ಮೈ ಬೋಲಾ ಥಾ ನಾ ಸರ್, ಹೇಳಿದ್ನಲ್ರಿ," ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವರು ಎಲ್ಲ ಪೈಪು, ವೈರು ಬದಲಿಸಿ, ಬಣ್ಣ ಹೊಡೆದು, ಪಕ್ಕದ ಬಂಕಿನ ಮಾಮೂಲಿ ಪೆಟ್ರೋಲ್ ಹಾಕಿ ಕಾರನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ ಎರಡು ತಿಂಗಳಾಯಿತು. ನಾನು ಕೀಲಿ ತಿರುಗಿಸಿಲ್ಲ. ಕೈ ಹೋಗುತ್ತದೆ, ಭಗ್ ಎಂಬ ಸದ್ದು ಕೇಳುತ್ತದೆ, ಕೈ ಹಿಂದೆ ಬರುತ್ತದೆ. ಮಾಮಾ ಫೋನು ಮಾಡಿ ಯಾವಾಗ ಹೋಗೂದೋ ಎಂದು ಕೇಳಿದಾಗಲೆಲ್ಲ, ಇನ್ನೂ ಸರಿಯಾದ ಪೆಟ್ರೋಲ್ ಸಿಕ್ಕಿಲ್ಲ ಮಾಮಾ, ತೆಲಂಗಾಣದ ಕಡೆ ಒಂದು ಬಂಕು ವಿಚಾರಿಸ್ಲಿಕತ್ತೇನಿ ಎನ್ನುತ್ತೇನೆ. ಇದು ಸುಳ್ಳೆಂದು ನನಗೆ ಗೊತ್ತು. ಆದರೆ ಹೆದರಿಕೆ ಎಂದು ಹೇಳುವುದಕ್ಕಿಂತ ಆಕ್ಟೇನ್ ಎಂದು ಹೇಳುವುದು ಸುಲಭ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಮಾಮಾ ಮಗಳಿಗೆ ಚಹಾ ಮಾಡಲು ಹೇಳಿ ಒಳಗೆ ಕಳಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡರು. ಬರುವ ಐತವಾರ ಔರಾದಿಗೆ ಹೋಗುವುದು ನಿಕ್ಕಿಯಾಗಿದೆ, ರಶೀದ್ ಓಡಿಸುತ್ತಾನೆ, ಬೀದರಿನಿಂದ ನೇರ ರಸ್ತೆ ಎಂದರು. ನಾನು ಪೆಟ್ರೋಲ್ ಎಂದು ಬಾಯಿ ತೆರೆದೆ. ಅವರು ಕೈ ಎತ್ತಿದರು.

"ಅವತ್ತು ಗೇಟಿನ ಹತ್ರ ಎಲ್ಲಾರ ದನಿ ಕೇಳ್ತೋ ನಂಗ. ನಿಂದೊಂದೇ ಕೇಳ್ಲಿಲ್ಲ. ಕಾರ್ ಹಿಂದ ಹೋದಿ, ಬೆಂಕಿ ಬೆಂಕಿ ಅಂದ್ರು, ಆಮ್ಯಾಲ ನೀ ಇಲ್ಲೇ ಇಲ್ಲ. ಅಕ್ಕಗ, ನಿಮ್ಮವ್ವಗ, ಏನು ಹೇಳ್ಲಿ ಅಂತ ಕೂತಿದ್ದೆ ಆ ಗಿಡದ ಕೆಳಗ."

ಅವರು ನನ್ನ ಮೊಣಕಾಲು ತಟ್ಟಿ, "ಓಡ್ಸೂದು ಬ್ಯಾಡ ನೀ. ಹಿಂದ ಕೂಡು. ದಾರಿ ತುಂಬ ಮಾತಾಡ್ಕೋತ ಇರು, ಅಷ್ಟು ಸಾಕು. ಏರು ಬಂದಾಗ ಮಾತ್ರ ಸುಮ್ಮನಾಗು. ಮತ್ತ ಪೆಟ್ರೋಲ್ ಬಿಟ್ಟು ಬ್ಯಾರೆ ಏನರೆ ಮಾತಾಡಪ್ಪ," ಎಂದರು.

ಒಪ್ಪಿಕೊಂಡು ಬಂದಿದ್ದೇನೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದರೂ ನಿಲ್ಲಿಸಬೇಡಿ ಸರ್ ಎಂದು ಒಬ್ಬರೂ ಕೇಳಿರಲಿಲ್ಲ. ಈಗ ಒಬ್ಬರು ಕೇಳಿದ್ದಾರೆ. ಇವತ್ತು ಶುಕ್ರವಾರ. ಆ ಕಾರಿನ ಹಿಂದಿನ ಸೀಟಿನ ಬೆನ್ನಿಗೇ ಇಂಜಿನ್ ಇದೆ, ಅಲ್ಲಿ ಕೂತು ನನಗೆ ಬಾಯಿ ಬರುತ್ತದೋ ಇಲ್ಲವೋ ತಿಳಿಯದು. ಅದಕ್ಕೇ ಬೆಳಿಗ್ಗೆಯಿಂದ ಹಾಳೆ ಪೆನ್ನು ಹಿಡಿದು ಔರಾದಿನವರೆಗೆ ಸಾಲುವಷ್ಟು ವಿಷಯಗಳನ್ನು ಪಟ್ಟಿ ಮಾಡುತ್ತ ಕೂತಿದ್ದೇನೆ. ಪೆಟ್ರೋಲ್ ಬಿಟ್ಟು ಇದುವರೆಗೆ ಎರಡು ಹೊಳೆದಿವೆ.