ಗುತ್ತಿನ ಕಾರಿಗೆ ತಕ್ಕ ಪೆಟ್ರೋಲು

ಕಾರಿಗೂ ಮನೆತನ ಉಂಟೆಂದು ಮೂಡುಬಿದಿರೆಯ ಬಾಡಿಗೆ ಮೋಟಾರುಗಳ ಹಿತರಕ್ಷಣಾ ಸಮಿತಿಯು ೧೯೬೪ನೇ ಇಸವಿಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಸರ್ವಾನುಮತವೆಂದರೆ ಐದು ಮಂದಿಯ ಒಪ್ಪಿಗೆ. ಐವರಲ್ಲಿ ಒಬ್ಬರು ಅಧ್ಯಕ್ಷರು, ಉಳಿದ ನಾಲ್ವರು ಅಧ್ಯಕ್ಷರ ನೆಂಟರು.

ಇದಕ್ಕೆ ಕಾರಣನಾದವನು ಹುಕ್ರಪ್ಪ. ಅವನದು ೧೯೩೬ರ ಕಾರು. ಮೊದಲು ಅದು ಪುತ್ತಿಗೆಯ ಗುತ್ತಿನ, ಅಂದರೆ ಊರಿಗೆ ದೊಡ್ಡದೆನಿಸಿದ ಜಮೀನ್ದಾರಿ ಮನೆಯ ಸಂಕಪ್ಪ ಧನಿಗಳದ್ದಾಗಿತ್ತು. ಈಗ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಾಡಿಗೆಗೆ ಓಡುತ್ತಿತ್ತು. ಹುಕ್ರಪ್ಪನ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಓಟದಿಂದಲೇ.

ಧನಿಗಳ ಪೆಟ್ರೋಲ್ ಪಂಪಿನಲ್ಲಿ ಎರಡು ದರ್ಜೆಯ ಪೆಟ್ರೋಲಿತ್ತು: ಸಾದಾ, ಮತ್ತು ಹೆಚ್ಚು ಆಕ್ಟೇನಿನ ದುಬಾರಿಯದ್ದು. ಆಕ್ಟೇನ್ ಎಂದರೆ ಇಂಜಿನ್ನಿನ ಒತ್ತಡಕ್ಕೆ ಸಿಕ್ಕಿದಾಗ ಹೊತ್ತಿಗೆ ಮೊದಲೇ ಸಿಡಿಯದೆ ತಡೆದುಕೊಳ್ಳುವ ಗುಣ. ಹಳೆಯ ಇಂಜಿನ್ನಿನಲ್ಲಿ ಒತ್ತಡವೇ ಕಡಿಮೆ, ಆದ್ದರಿಂದ ಸಾದಾ ಧಾರಾಳ ಸಾಕು. ಊರಿನ ಕಾರುಗಳೆಲ್ಲ ಹಳೆಯವೇ ಆದ್ದರಿಂದ ದುಬಾರಿಯದ್ದು ಎಂಟು ತಿಂಗಳಿನಿಂದ ನೆಲದಡಿಯ ಟಾಂಕಿಯಲ್ಲಿ ತಣ್ಣಗೆ ಕುಳಿತಿತ್ತು.

"ಸಾದಾ ಹಾಕಿ ಸುಧಾಕರಣ್ಣ," ಎಂದ ಹುಕ್ರಪ್ಪ.

ಪಂಪಿನ ಮ್ಯಾನೇಜರ್ ಸುಧಾಕರ ಕಿವಿ ಮುಚ್ಚಿಕೊಂಡ. "ಧನಿಗಳ ಗಾಡಿಗೆ ಸಾದಾ ಹಾಕ್ಲಿಕ್ಕಿಲ್ಲ!"

"ಅವರು ಮಾರಿ ಒಂಬತ್ತು ವರ್ಷ ಆಯ್ತಲ್ಲ ಮಾರಾಯ್ರೇ!"

"ಮಾರಿದ್ದು ಗಾಡಿ. ಮರ್ಯಾದೆ ಮಾರಿದ ಚೀಟಿ ಉಂಟಾ?"

ಚೀಟಿ ಇರಲಿಲ್ಲ. ದುಬಾರಿಯದ್ದು ಹಾಕಿಸಿದರೆ ಬಾಡಿಗೆ ಏರಿಸಬೇಕು, ಏರಿಸಿದರೆ ಜನ ಬಸ್ಸು ಹತ್ತುತ್ತಾರೆ. ಹಾಕಿಸದಿದ್ದರೆ ಸಮಿತಿಯು ಸ್ಟ್ಯಾಂಡಿನಿಂದ ಎಬ್ಬಿಸುತ್ತದೆ. ಹುಕ್ರಪ್ಪ ಸಮಿತಿಗೆ ಅರ್ಜಿ ಕೊಟ್ಟ. ಸಮಿತಿಯ ಅಧ್ಯಕ್ಷರೂ ಸಂಕಪ್ಪ ಧನಿಗಳೇ.

ಸಭೆ ಗುತ್ತಿನ ಚಾವಡಿಯಲ್ಲಿ ನಡೆಯಿತು. ಹುಕ್ರಪ್ಪ ಸಾಕ್ಷಿಗೆ ಬಂಟ್ವಾಳದ ಮೆಕ್ಯಾನಿಕ್ ಮೊಯ್ದೀನನನ್ನು ಕರೆತಂದಿದ್ದ.

"ಧನಿಗಳೇ, ಈ ಇಂಜಿನ್ನಿಗೆ ಸಾದಾ ಸಾಕು. ದುಬಾರಿ ಕುಡಿಸಿದ್ರೂ ಅದಕ್ಕೆ ಗೊತ್ತಾಗುದಿಲ್ಲ," ಎಂದ ಮೊಯ್ದೀನ್.

"ಇಂಜಿನ್ನಿಗೆ ಗೊತ್ತಾಗುದು ಬೇಡ ಮಾರಾಯ," ಎಂದರು ಧನಿಗಳು. "ಊರಿಗೆ ಗೊತ್ತಾದ್ರೆ ಸಾಕು."

ಮೊಯ್ದೀನನ ಹೇಳಿಕೆಯು ಇಂಜಿನ್ನಿಗೆ ಮಾತ್ರ ಸಂಬಂಧಪಟ್ಟದ್ದು, ಕಾರಿಗಲ್ಲ ಎಂದು ನಡಾವಳಿಯಲ್ಲಿ ದಾಖಲಾಯಿತು. ನಂತರ ಹೊರಟ ಪ್ರಕಟಣೆ ಹೀಗಿತ್ತು:

"ಮನೆತನವುಳ್ಳ ಕಾರುಗಳು ಸಾದಾ ಪೆಟ್ರೋಲಿನಿಂದ ಓಡಬಹುದು. ಆದರೆ ಮೇಲ್ದರ್ಜೆಯ ಪೆಟ್ರೋಲಿನ ಒಂದು ಡಬ್ಬಿಯನ್ನು ಎದುರಿನ ಸೀಟಿನಲ್ಲಿ, ಎಲ್ಲರಿಗೂ ಕಾಣುವಂತೆ ಕೂರಿಸತಕ್ಕದ್ದು. ಅದನ್ನು ಉಪಯೋಗಿಸತಕ್ಕದ್ದಲ್ಲ. ತಿಂಗಳಾದ ಪೆಟ್ರೋಲಿಗೆ ಗೌರವ ಕುಂದುವುದರಿಂದ, ಹಳೆಯದನ್ನು ಪಂಪಿನ ಟಾಂಕಿಗೆ ಹಿಂದಕ್ಕೆ ಸುರಿದು ಹೊಸದನ್ನು ಕೊಳ್ಳತಕ್ಕದ್ದು. ಹಣ ಮರಳಿಸುವ ಪ್ರಶ್ನೆ ಉದ್ಭವಿಸುವುದಿಲ್ಲ."

ಹೀಗೆ ಒಂದೇ ಟಾಂಕಿಯ ಪೆಟ್ರೋಲು ತಿಂಗಳು ತಿಂಗಳು ಮಾರಾಟವಾಗತೊಡಗಿತು. ಹುಕ್ರಪ್ಪನಿಗೆ ಎದುರಿನ ಸೀಟಿನ ಬಾಡಿಗೆ ತಪ್ಪಿತು, ಸ್ಟ್ಯಾಂಡಿನ ಜಾಗ ಉಳಿಯಿತು. ಬೆಳ್ತಂಗಡಿಯ ಕೆಲವರು, ತಮ್ಮ ಕಾರಿಗೆ ಯಾವ ಮನೆತನವೂ ಇಲ್ಲದಿದ್ದರೂ, ಡಬ್ಬಿ ಕೂರಿಸಿಕೊಂಡೇ ಬಂದರು.

ಬೇಸಗೆಯ ಒಂದು ಮಧ್ಯಾಹ್ನ ಸಿದ್ಧಕಟ್ಟೆಯ ಏರಿನಲ್ಲಿ ಹುಕ್ರಪ್ಪನ ಕಾರು ಕೆಮ್ಮಿ ನಿಂತಿತು. ಸಾದಾ ಪೆಟ್ರೋಲು ಮುಗಿದಿತ್ತು.

ಹಿಂದಿನ ಸೀಟಿನಿಂದ ರಾಜೀವಿ ಟೀಚರು ಕೇಳಿದರು. ಅವರು ಊರಿಗೆ ಹೊಸಬರು. "ಎದುರಲ್ಲೇ ಒಂದು ಡಬ್ಬಿ ಪೆಟ್ರೋಲ್ ಉಂಟಲ್ಲ?"

ಹುಕ್ರಪ್ಪನ ಕೈ ಡಬ್ಬಿಯ ಮುಚ್ಚಳದವರೆಗೆ ಹೋಯಿತು. ಮುಟ್ಟಿದ ಸುದ್ದಿ ಸಂಜೆಯೊಳಗೆ ಚಾವಡಿ ತಲುಪುತ್ತದೆ, ನಾಳೆ ಸ್ಟ್ಯಾಂಡಿನಲ್ಲಿ ಜಾಗವಿರುವುದಿಲ್ಲ. ಕೈ ಹಿಂದೆ ಬಂತು.

"ಅದು ಗುತ್ತಿನದ್ದು ಟೀಚರ್. ಸ್ವಲ್ಪ ಇಳೀತೀರಾ? ತಳ್ಳುವ."

ಎಲ್ಲರೂ ಇಳಿದರು. ಯಾರೂ ಗೊಣಗಲಿಲ್ಲ. ಗಂಡಸರು ಹಿಂದಿನಿಂದ ತಳ್ಳಿದರು, ಹುಕ್ರಪ್ಪ ಹೊರಗಿನಿಂದಲೇ ಸ್ಟೇರಿಂಗು ಹಿಡಿದು ನಡೆದ. ಕಾರಿನ ಹರಿದ ಬಟ್ಟೆಯ ಟಾಪಿನಿಂದ ಬಿಸಿಲು ನೇರ ಡಬ್ಬಿಯ ಮೇಲೆ ಬೀಳುತ್ತಿತ್ತು. ಟೀಚರು ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕೊಡೆ ಬಿಡಿಸಿ, ಡಬ್ಬಿಯ ಮೇಲೆ ಹಿಡಿದುಕೊಂಡು, ಪಕ್ಕದಲ್ಲಿ ತಾವು ಬಿಸಿಲಿನಲ್ಲಿ ನಡೆದರು.